ಹದಿನೇಳು ಜೊತೆ ಕಣ್ಣು

ಇವನು ಯಾಕೆ ಹೀಗೆ ನೆಟ್ಟಗೆ ನೋಡುತ್ತಾನೆ, ಈ ಡ್ರಮ್ಮಿನವನು, ಬಲಗಡೆ ನೋಡುವ ಹಾಗೆ ಬರೆದಿದ್ದೆನಲ್ಲ ಇವನನ್ನು — ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ ಕೈ ಹಾಗೇ ನಿಂತಿತು, ಕೈಯಲ್ಲಿ ಹೆಬ್ಬೆರಳಿಗಿಂತ ಗಿಡ್ಡ ತವರದ ಸಿಪಾಯಿ, ನೀಲಿ ಕೋಟು, ಎದೆಯ ಮೇಲೆ ಅಡ್ಡಡ್ಡ ಎರಡು ಬಿಳಿ ಪಟ್ಟಿ, ತೋಳಿನ ತುದಿಗೆ ಕೆಂಪು, ಎಲ್ಲ ಅವಳು ಹಚ್ಚಿದ್ದೇ, ಆ ಕೆಂಪಿಗೆ ಒಂದು ಹನಿ ಕಂದು ಬೆರೆಸಿದ್ದು ನೆನಪಿದೆ, ಬೆರೆಸುವಾಗ ಹಾಲು ಉಕ್ಕಿ ಒಲೆ ಆರಿದ್ದೂ ನೆನಪಿದೆ, ಆದರೆ ಈ ಕಣ್ಣು ಅವಳದಲ್ಲ. ಅವಳು ಬರೆದ ಕಣ್ಣು ಸಾವಿರ ಸಿಪಾಯಿಗಳ ನಡುವೆ ಇದ್ದರೂ ಗುರುತು ಸಿಗುತ್ತದೆ, ಮೊದಲು ಹಳೆ ಹಲ್ಲಿನ ಬಣ್ಣದ ಒಂದು ಗೆರೆ, ಅಪ್ಪಟ ಬಿಳಿ ಹಚ್ಚಿದರೆ ಸಿಪಾಯಿ ದೆವ್ವ ಕಂಡವನ ಹಾಗೆ ಕಾಣುತ್ತಾನೆ, ಆಮೇಲೆ ಕಪ್ಪು ಚುಕ್ಕೆ, ಮೇಲಿನ ರೆಪ್ಪೆಗೆ ತಾಗಿಸಿ, ಚೂರು ಬಲಕ್ಕೆ, ಸಾಲಿನಲ್ಲಿ ನಡೆಯುವವನು ಪಕ್ಕದವನ ಭುಜ ನೋಡಿಕೊಂಡು ನಡೆಯುತ್ತಾನೆ, ಎದುರಿನಿಂದ ಏನು ಬರುತ್ತಿದೆ ಅಂತ ನೋಡಿದರೆ ಒಂದು ಹೆಜ್ಜೆಯಾದರೂ ಇಟ್ಟಾನೆಯೇ. ಇವನು ಎದುರಿಗೇ ನೋಡುತ್ತಿದ್ದಾನೆ. ಅಷ್ಟೇ ಅಲ್ಲ, ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಹಣೆಪಟ್ಟಿಯ ಭೂತಗನ್ನಡಿ ಹಿಡಿದರೆ ಕಪ್ಪಿನೊಳಗೆ ಇನ್ನೊಂದು ಬಿಳಿ, ಸೂಜಿಮೊನೆಯಷ್ಟು, ಹೊಳಪು, ಜೀವ ಇರುವವನ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೇ ಒಬ್ಬ ಸಿಪಾಯಿಗೂ ಅವಳು ಹೊಳಪು ಇಟ್ಟವಳಲ್ಲ. ಯಾರೋ ಇವನ ಮುಖಕ್ಕೆ ಕೈ ಹಾಕಿದ್ದಾರೆ, ನನ್ನ ಸಿಪಾಯಿಯ ಮುಖಕ್ಕೆ.

ಒಬ್ಬನೇ ಆಗಿದ್ದರೆ ಏನೋ ಬೆಳಕಿನ ಆಟ ಅಂದುಕೊಂಡು ಸುಮ್ಮನಾಗಬಹುದಿತ್ತು, ಆದರೆ ಕೈ ಸುಮ್ಮನಿರಬೇಕಲ್ಲ, ಪೆಟ್ಟಿಗೆಯ ಸ್ಪಂಜಿನ ಗೂಡುಗಳಿಂದ ಒಬ್ಬೊಬ್ಬರನ್ನೇ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು, ಇವನು ನನ್ನವನು, ಇವನು ನನ್ನವನು, ಇವನಲ್ಲ, ಇವನಲ್ಲ, ಇವನೂ ಅಲ್ಲ — ಹದಿನೇಳು. ನಲವತ್ತೆಂಟು ಜನರಲ್ಲಿ ಹದಿನೇಳು ಜನ ಬೇರೆಯವರ ಕಣ್ಣಿನಿಂದ ಅವಳನ್ನು ನೋಡುತ್ತಿದ್ದಾರೆ, ಬಾವುಟ ಹಿಡಿದವನಿಗೆ ಇನ್ನೂ ಕಣ್ಣೇ ಇಲ್ಲ, ಬಾವುಟದವನ ಕಣ್ಣು ಯಾವಾಗಲೂ ಕೊನೆಗೆ, ಆಟದ ಹಿಂದಿನ ದಿನ, ಅದು ಈ ಮನೆಯ ಪದ್ಧತಿ. ನಾಳೆ ಆಟ. ನೂರಾರು ವರ್ಷ ಹಿಂದೆ ಯಾರೋ ಯಾರ ಮೇಲೋ ಮಾಡಿದ ಯುದ್ಧವನ್ನು ಹಸಿರು ಬಟ್ಟೆ ಹಾಸಿದ ಮೇಜಿನ ಮೇಲೆ ಅಳತೆ ಟೇಪು, ದಾಳ ಹಿಡಿದು ಮತ್ತೆ ಹೊಡೆದಾಡುವ ಒಂದು ಡಜನ್ ಜನ, ಇತಿಹಾಸದ ಮೇಷ್ಟ್ರು, ಬ್ಯಾಂಕಿನವರು, ಪ್ಲಂಬರ್ ಆದ ಅವಳ ಗಂಡ, ವರ್ಷಕ್ಕೊಮ್ಮೆ ವಾಚನಾಲಯದ ಮಹಡಿಯಲ್ಲಿ ದೊಡ್ಡ ಆಟ, ಆಟ ಮುಗಿದ ಮೇಲೆ ಚೆಂದದ ಸೇನೆಗೆ ಬಹುಮಾನ. ಆರು ಸಲ ಈ ಮನೆಗೇ ಬಂದಿದೆ, ಆರು ಸಲವೂ ಗಂಡನ ಹೆಸರು ಕೂಗಿದ್ದಾರೆ, ಯಾಕಂದರೆ ಆಡುವವರು ಅವರು, ಅವಳು ಮನೆಯಲ್ಲಿ ಕೂತು ಹಚ್ಚುವವಳು, ದಂಡನಾಯಕರಿಗೆ ಶಾಲು, ದರ್ಜಿಗೆ ಏನು. ಈ ವರ್ಷ ಮಾತ್ರ ಮೇಷ್ಟ್ರು ಒಂದು ಹೊಸ ಚೀಟಿ ಅಚ್ಚು ಹಾಕಿಸಿದ್ದಾರೆ, ಸೇನೆಯ ಮುಂದೆ ಇಡಲಿಕ್ಕೆ, ಬಣ್ಣ ಹಚ್ಚಿದವರು ಅಂತ ಬರೆದು ಮುಂದೆ ಖಾಲಿ ಗೆರೆ. ಆ ಗೆರೆಯ ಮೇಲೆ ಹೋದ ಭಾನುವಾರವೇ ಅವಳು ತನ್ನ ಹೆಸರು ಬರೆದಾಗಿದೆ, ಮೂರು ಸಲ ಬೇರೆ ಕಾಗದದ ಮೇಲೆ ಬರೆದು ನೋಡಿ, ನಾಲ್ಕನೇ ಸಲ ಚೀಟಿಯ ಮೇಲೆ, ಐವತ್ತನಾಲ್ಕು ವರ್ಷದ ಹೆಂಗಸು ಒಂದನೇ ಕ್ಲಾಸಿನ ಹುಡುಗಿಯ ಹಾಗೆ ನಾಲಿಗೆ ಕಚ್ಚಿಕೊಂಡು. ಈಗ ಆ ಹೆಸರು ಹದಿನೇಳು ಜನರ ಮಟ್ಟಿಗೆ ಸುಳ್ಳು.

ಯಾರು ಅಂತ ಕೇಳಬೇಕೇ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅವಳೇ, ಆ ಕನ್ನಡಕದಂಗಡಿಯವಳು. ಹೋದ ವರ್ಷ ಆಟಕ್ಕೆ ಸೇರಿದ ಒಬ್ಬಳೇ ಹೆಂಗಸು, ನಲವತ್ತು ದಾಟಿಲ್ಲ, ಎರಡು ಬೀದಿ ಆಚೆ ಅಂಗಡಿ, ತಾನೇ ಹಚ್ಚಿಕೊಂಡು ತಾನೇ ಆಡುತ್ತಾಳೆ, ಬಿಲ್ಲುಗಾರರ ಒಂದು ಸೇನೆ, ಹೋದ ವರ್ಷದ ಬಹುಮಾನ ಅವಳಿಗೇ. ಅವತ್ತು ಗಂಡನಿಗೆ ಬುತ್ತಿ ಕೊಡುವ ನೆಪದಲ್ಲಿ ಮಹಡಿ ಹತ್ತಿ ಹೋಗಿ ನೋಡಿದ್ದಳು, ಬಿಲ್ಲುಗಾರರ ಕಣ್ಣಿನಲ್ಲಿ ಹೊಳಪು, ಪ್ರತಿಯೊಬ್ಬನ ಕಣ್ಣಿನಲ್ಲೂ, ಇದೇ ಸೂಜಿಮೊನೆಯ ಬಿಳಿ. ಏನು ಚೆಂದ, ಬಾಣ ಬಿಡೋ ಮೊದಲು ಕಣ್ಣೇ ಚುಚ್ಚುತ್ತೆ ನೋಡೇ, ಅಂದಿದ್ದರು ಗಂಡ, ನನ್ನ ಮುಂದೆಯೇ, ಕೈಯಲ್ಲಿ ನಾನು ತಂದ ಬುತ್ತಿ ಹಿಡಿದುಕೊಂಡೇ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಇಟ್ಟು ಏನಾಗಬೇಕು, ಆ ದಿನ ಹೊತ್ತಿದ್ದು ಇನ್ನೂ ಆರಿಲ್ಲ. ಆಮೇಲೆ ಮನೆಯಲ್ಲಿ ಅವಳದೇ ಮಾತು, ಕನ್ನಡಕದವರು ಹೀಗೆ ಹೇಳಿದ್ರು, ಕನ್ನಡಕದವರು ಪ್ರೈಮರ್ ಬೇರೆ ಥರ ಹೊಡೀತಾರೆ, ನೀನೂ ಒಂದ್ಸಲ ಹೋಗಿ ಬಾರೇ ಅವರ ಅಂಗಡಿಗೆ, ಮಾತಾಡ್ಕೊಂಡು ಬಾ — ನಾನೇನು ಮಾತಾಡಲಿ, ನನ್ನ ಹತ್ತಿರ ಕಣ್ಣಿಲ್ಲವೇ. ಬುಧವಾರ ಬುಧವಾರ ಅವರಿಗೆ ಅದೇ ಬೀದಿಯಲ್ಲಿ ನಲ್ಲಿ ಸೋರುತ್ತದಂತೆ, ಯಾವ ನಲ್ಲಿಯಪ್ಪ ಅದು ಒಂದು ವರ್ಷದಿಂದ ಬುಧವಾರವೇ ಸೋರುವುದು. ಛೆ, ಆ ಥರದ್ದಲ್ಲ, ತನ್ನ ಗಂಡ ಆ ಥರದವರಲ್ಲ, ಗೊತ್ತು, ಆ ಥರದ್ದಾಗಿದ್ದರೆ ಅಳಬಹುದಿತ್ತು, ಅತ್ತು ಕೂಗಾಡಿ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಬಹುದಿತ್ತು, ಇದಕ್ಕೆ ಯಾರ ಹತ್ತಿರ ಹೋಗಿ ಏನೆಂದು ಹೇಳುವುದು, ನನ್ನ ಗಂಡ ನನ್ನ ಸಿಪಾಯಿಗಳನ್ನು ಒಯ್ದು ಅವಳ ಹತ್ತಿರ ಕಣ್ಣು ಬರೆಸಿದ್ದಾರೆ ಅಂತಲೇ, ಕೇಳಿದವರು ನನ್ನನ್ನೇ ಆಸ್ಪತ್ರೆಗೆ ಸೇರಿಸಿಯಾರು. ಆದರೆ ಅವಳಿಗೆ ಕಾಣುತ್ತಿದೆ, ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ, ಕನ್ನಡಕದವಳು ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ನನ್ನ ಡ್ರಮ್ಮಿನವನನ್ನು ಎಡಗೈಯಲ್ಲಿ ಹಿಡಿದಿದ್ದಾಳೆ, ಬಲಗೈಯ ಬ್ರಷ್ಷನ್ನು ತುಟಿಗೆ ಒಯ್ದು ನಾಲಿಗೆ ತುದಿಗೆ ತಾಗಿಸಿ ಒಂದು ಸುತ್ತು ತಿರುಗಿಸುತ್ತಾಳೆ, ಕೂದಲು ಒಟ್ಟಾಗಿ ಮೊನೆಯಾಗಲಿ ಅಂತ, ಹಚ್ಚುವವರೆಲ್ಲ ಮಾಡುವುದೇ, ನಾನೂ ದಿನಕ್ಕೆ ನೂರು ಸಲ ಮಾಡುವುದೇ, ಆದರೆ ಆ ಎಂಜಲಿನ ಮೊನೆ ನನ್ನ ಸಿಪಾಯಿಯ ಕಣ್ಣಿಗೆ.

ಕೇಳಿಯೇ ಬಿಡುತ್ತೇನೆ ಅಂತ ಎದ್ದಳು, ಗಂಡ ಯಾರದೋ ಮನೆಯ ಟ್ಯಾಂಕಿಗೆ ಪೈಪು ಹಾಕಲು ಹೋಗಿದ್ದಾರೆ, ಬರಲು ಇನ್ನೂ ಒಂದು ಗಂಟೆ, ಡ್ರಮ್ಮಿನವನನ್ನು ಹತ್ತಿಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು, ಜೊತೆಗೆ ಇನ್ನೊಬ್ಬನನ್ನೂ, ಹಿಂದಿನ ಸಾಲಿನ ಮೀಸೆಯವನು, ಪೂರ್ತಿ ಅವಳದೇ ಕೈ, ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ನೋಡಮ್ಮ, ಕಣ್ಣು ಅಂದರೆ ಇದು, ಅಂತ ತೋರಿಸಿ ಬರಲಿಕ್ಕೆ. ದಾರಿಯುದ್ದಕ್ಕೂ ಮಾತು ಹೆಣೆದುಕೊಂಡೇ ನಡೆದಳು, ಫುಟ್‌ಪಾತಿನ ಅಂಚು ಕಾಣದೆ ಒಂದು ಕಡೆ ಕಾಲು ತಪ್ಪಿತು, ಈ ಊರಿನವರು ಒಂದು ಕಲ್ಲನ್ನೂ ನೆಟ್ಟಗೆ ಕೂರಿಸುವುದಿಲ್ಲ. ಅವಳು ಕೆಲಸಕ್ಕೆ ಹೋಗುವ ಹಲ್ಲಿನ ಲ್ಯಾಬಿನಲ್ಲೂ ಅಷ್ಟೇ, ಮೂವತ್ತು ವರ್ಷ ಕಟ್ಟು ಹಲ್ಲಿನ ಬಣ್ಣ ಹೊಂದಿಸಿದವಳು ಅವಳು, ಬಿಳಿಯಲ್ಲಿ ಹದಿನಾರು ಬಿಳಿ ಕಂಡವಳು, ಅವಳನ್ನು ಆರು ತಿಂಗಳ ಹಿಂದೆ ಅಚ್ಚಿನ ಗಾರೆ ಕಲಸಲು ಕೂರಿಸಿದರು, ಹಿರಿಯರು ನೀವು, ಆರಾಮಾಗಿರಿ ಅಂದ ಯಜಮಾನ, ಬಣ್ಣದ ಮೇಜಿನಲ್ಲಿ ಈಗ ಹೊಸಬಳು, ಎಲ್ಲ ಕಡೆಯೂ ಒಬ್ಬಳು ಹೊಸಬಳು ಕಾದು ಕೂತಿರುತ್ತಾಳೆ. ಅಂಗಡಿಯ ಗಾಜಿನ ಬಾಗಿಲು ತಳ್ಳಿದರೆ ಗೋಡೆ ತುಂಬ ಕನ್ನಡಕ, ಮುಖವಿಲ್ಲದ ನೂರಾರು ಕಣ್ಣು. ಅಯ್ಯೋ ಅಕ್ಕ, ಬನ್ನಿ ಬನ್ನಿ, ಕೊನೆಗೂ ಬಂದ್ರಲ್ಲ, ಕೂತ್ಕೊಳ್ಳಿ ಇಲ್ಲಿ, ಅಣ್ಣ ವರ್ಷದಿಂದ ಹೇಳ್ತಾನೇ ಇದ್ರು, ಕರ್ಕೊಂಡು ಬರ್ತೀನಿ, ಒಪ್ತಾ ಇಲ್ಲ ಅಂತ — ಅಕ್ಕನಂತೆ, ಅಣ್ಣನಂತೆ, ನಾವು ಯಾವಾಗ ಒಂದೇ ಹೊಟ್ಟೆಯಲ್ಲಿ ಹುಟ್ಟಿದೆವು. ಹೆಣೆದುಕೊಂಡು ಬಂದ ಮಾತು ಬಾಯಿಗೆ ಬರುವ ಮೊದಲೇ ಕನ್ನಡಕದವಳು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಎದುರಿನ ಅಕ್ಷರದ ಪಟಕ್ಕೆ ದೀಪ ಹಾಕಿಯೂ ಆಗಿತ್ತು. ಬಲಗಣ್ಣು ಪರವಾಗಿಲ್ಲ. ಎಡಗಣ್ಣಿಗೆ ಬಂದಾಗ ಮೇಲಿನ ಎರಡು ಸಾಲು ಬಿಟ್ಟರೆ ಉಳಿದದ್ದು ಮಂಜು. ಇದು ಚೆನ್ನಾಗಿದ್ಯಾ ಅಕ್ಕ, ಇದಾ, ಮೊದಲಿಂದಾ ಈಗಿಂದಾ, ಟಕ್ ಟಕ್ ಅಂತ ಗಾಜು ಬದಲಾಯಿಸುತ್ತಾ ಹೋದಳು, ಮೃದುವಾದ ಕೈ, ತಣ್ಣಗಿನ ಬೆರಳು, ಅದಕ್ಕೂ ಹೊಟ್ಟೆ ಉರಿಯಿತು. ಎಡಗಣ್ಣಿನ ನಂಬರು ಎಲ್ಲಿಂದೆಲ್ಲಿಗೋ ಹೋಗಿದೆ ಅಕ್ಕ, ಪೊರೆಯೂ ಇರೋ ಹಾಗಿದೆ, ಡಾಕ್ಟ್ರಿಗೆ ಒಂದ್ಸಲ ತೋರಿಸ್ಬಿಡಿ. ಇನ್ನು ತಡೆಯಲಾಗಲಿಲ್ಲ, ಮೂಗಿನ ಮೇಲಿನ ಚೌಕಟ್ಟನ್ನೂ ತೆಗೆಯದೆ ಕೈಚೀಲದಿಂದ ಡ್ರಮ್ಮಿನವನನ್ನು ತೆಗೆದು ಕೌಂಟರಿನ ಮೇಲೆ ಕುಕ್ಕಿದಳು, ಇದು ನಿಮ್ಮ ಕೈ ತಾನೇ. ಕನ್ನಡಕದವಳು ಎತ್ತಿ ಬೆಳಕಿಗೆ ಹಿಡಿದಳು, ನಕ್ಕಳು, ನಂದಲ್ಲ ಅಕ್ಕ, ಅಣ್ಣಂದು, ಎಷ್ಟು ಸುಧಾರಿಸಿದಾರೆ ನೋಡಿ, ಮೊದಮೊದಲು ಅಂಗಿಗೆ ಗುಂಡಿ ಹೊಲಿದ ಹಾಗೆ ಹಾಕೋರು ಕಣ್ಣು, ಪ್ರತಿ ಬುಧವಾರ ಬಂದು ಒಂದು ಗಂಟೆ ಕೂತು — ನಿಮಗೆ ಹೇಳಿಲ್ವಾ, ಅಂದಳು.

ಹೇಳಿಲ್ಲ. ಇಪ್ಪತ್ತೆರಡು ವರ್ಷ ಅವಳು ಕರೆದಿದ್ದಾಳೆ, ಬನ್ನಿ, ಪಕ್ಕದಲ್ಲಿ ಕೂರಿ, ಬೂಟಿಗಾದರೂ ಕಪ್ಪು ಹಚ್ಚಿ, ಬೂಟಿಗೆ ಏನು ಮಹಾ ವಿದ್ಯೆ ಬೇಕು, ಅಂದರೆ ಪ್ರತಿಸಲವೂ ಎರಡೂ ಅಂಗೈ ಮುಂದೆ ಚಾಚಿ, ಇದು ಪಾನಾ ಹಿಡಿಯೋ ಕೈ ಕಣೆ, ಬ್ರಷ್ ಕೊಟ್ರೆ ಮುರಿದೇ ಹಾಕುತ್ತೆ, ಅಂತ ನಗುತ್ತಿದ್ದವರು, ಆ ಮಾತನ್ನು ಅವಳು ಬೇಜಾರಿನಿಂದ ಕೇಳುತ್ತಿದ್ದಳೆಂದು ಹೇಳಿದರೆ ಸುಳ್ಳಾಗುತ್ತದೆ, ಒಳಗೊಳಗೇ ಸಕ್ಕರೆ ತಿಂದ ಹಾಗೆ ಆಗುತ್ತಿತ್ತು, ಆಟ ಅವರದು, ಸ್ನೇಹಿತರು ಅವರ ಕಡೆಯವರು, ಶಾಲು ಅವರಿಗೆ, ಇರಲಿ, ಕೈ ಮಾತ್ರ ನನ್ನದು. ಅದೇ ಕೈಯನ್ನು ಅವರು ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಲಿತಿದ್ದಾರೆ, ಅವಳ ಹೊಳಪನ್ನೂ ಸೇರಿಸಿ ಕಲಿತಿದ್ದಾರೆ. ನನ್ನಿಂದ ಕಲಿಯಬಾರದಿತ್ತೇ. ಯಾಕೆ ಕಲಿತರು ಅಂತ ಕೇಳುವ ಮೊದಲೇ ಕೈ ಇನ್ನೊಬ್ಬನನ್ನು ಹತ್ತಿಯಿಂದ ಬಿಡಿಸಿತ್ತು, ಮೀಸೆಯವನನ್ನು, ಕಣ್ಣು ಅಂದರೆ ಇದು ಅಂತ ತೋರಿಸಲು ತಂದವನನ್ನು, ಮೂಗಿನ ಮೇಲೆ ಭಾರದ ಚೌಕಟ್ಟು, ಎಡಗಣ್ಣಿಗೆ ಹೊಸ ಗಾಜು — ಬೇರೆಯವರದನ್ನು ಎಷ್ಟೆಲ್ಲ ನೋಡುತ್ತೇವೆ, ಮಾಡಿ ಮುಗಿಸಿದ ತನ್ನದನ್ನು ಯಾರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಮೀಸೆಯವನ ಒಂದು ಕಪ್ಪು ಚುಕ್ಕೆ ರೆಪ್ಪೆಗೆ ತಾಗಿತ್ತು, ಚೂರು ಬಲಕ್ಕೆ, ಸರಿಯಾಗಿ. ಇನ್ನೊಂದು ಕೆನ್ನೆಯ ಮೇಲಿತ್ತು. ಕಣ್ಣಿನಿಂದ ಜಾರಿ, ಅತ್ತವನ ಹಾಗೆ, ಮಚ್ಚೆಯ ಹಾಗೆ, ಮೆಳ್ಳೆಗಣ್ಣು ಅಂದರೂ ಮರ್ಯಾದೆ ಕೊಟ್ಟ ಹಾಗೆ. ಕನ್ನಡಕದವಳು ಬೇರೆ ಕಡೆ ನೋಡುತ್ತಿದ್ದಳು, ಆ ಒಳ್ಳೆಯತನವನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ. ಚೀಟಿಯಲ್ಲಿ ಹಚ್ಚಿದವರ ಹೆಸರೂ ಇರ್ಬೇಕು ಅಂತ ಮೇಷ್ಟ್ರ ಹತ್ರ ಜಗಳ ಆಡಿದ್ದು ನಾನೇ ಅಕ್ಕ, ಅಂದಳು, ಏನಾದರೂ ಹೇಳಬೇಕಲ್ಲ ಅಂತ, ನಾಳೆ ನಿಮ್ಮ ಹೆಸರು ಅಲ್ಲಿರ್ಲೇಬೇಕು. ಅದನ್ನೂ ಕೊಟ್ಟವಳು ನೀನೇ, ಆಯಿತು, ಇನ್ನೇನು ಉಳಿದಿದೆ ಕೊಡಲು.

ಮನೆಗೆ ಬಂದಾಗ ಗಂಡ ಬಂದಿದ್ದರು, ಪೈಪಿನ ಎಳೆಗೆ ಸುತ್ತುವ ನೂಲು ಇನ್ನೂ ಅಂಗಿಯ ತೋಳಿಗೆ ಅಂಟಿತ್ತು, ಎಲ್ಲಿ ಹೋಗಿದ್ದೆ, ಅಂದರು, ಇಲ್ಲೇ, ಅಂದಳು, ಕಿಟಕಿಯ ಕಟ್ಟೆಯ ಮೇಲೆ ಸಾಲು ನಿಂತ ಸಿಪಾಯಿಗಳನ್ನು ಅವರು ನೋಡಿದ್ದು ಅವಳಿಗೆ ಗೊತ್ತಾಯಿತು, ಹದಿನೇಳು ಬೇರೆ, ಉಳಿದವರು ಬೇರೆ, ನೋಡಿ ತೋಳಿನ ನೂಲು ಕೀಳತೊಡಗಿದರು, ಬುದ್ಧಿವಂತರು. ಈಗ ಕೇಳಿಬಿಡಬಹುದು, ಕೇಳಿದರೆ ಹೇಳುತ್ತಾರೆ, ನಿನಗೆ ನೋವಾಗಬಾರದು ಅಂತ ಕಣೆ, ಅನ್ನುತ್ತಾರೆ, ನಿಜವನ್ನೇ ಅನ್ನುತ್ತಾರೆ, ಆಮೇಲೆ ಆ ಪ್ರೀತಿಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು. ಬಾವುಟದವನನ್ನು ಬಾಟಲಿಯ ಬಿರಡೆಗೆ ಅಂಟಿಸಿ ತನ್ನ ಕುರ್ಚಿಯಲ್ಲಿ ಕೂತಳು. ಹಲ್ಲಿನ ಬಣ್ಣದ ಗೆರೆ, ಎರಡು. ಆರಲಿ. ಬ್ರಷ್ಷು ತೊಳೆದು, ನಾಲಿಗೆ ತುದಿಗೆ ತಾಗಿಸಿ, ಕಪ್ಪಿಗೆ ಅದ್ದಿ, ಉಸಿರು ಹಿಡಿದು, ಬಲದ್ದು, ಎಡದ್ದು. ತನ್ನ ಕಣ್ಣಿಗೆ ಎರಡೂ ನೆಟ್ಟಗೇ ಕಂಡವು, ಎಷ್ಟು ನೆಟ್ಟಗೆ ಅಂದರೆ ಅಂಗಡಿಯಲ್ಲಿ ಕಂಡದ್ದೇ ಕನಸೇನೋ ಅನ್ನಿಸುವಷ್ಟು. ನೋಡಿ ಹೇಳಿ, ಅಂತ ಬಿರಡೆ ಸಮೇತ ಎತ್ತಿ ಗಂಡನ ಮುಂದೆ ಹಿಡಿದಳು, ಅವರ ಮುಖವನ್ನೇ ನೋಡುತ್ತಾ, ಅಷ್ಟು ದೊಡ್ಡ ಮುಖ ಕಾಣಲು ಯಾವ ಗಾಜೂ ಬೇಡ. ಅವರು ಬಗ್ಗಿದರು, ನೋಡಿದರು, ಒಂದು ಕ್ಷಣ, ಒಂದೇ ಒಂದು ಕ್ಷಣ ಹುಬ್ಬು ಅಲುಗಿತು. ಚೆನ್ನಾಗಿದೆ ಕಣೆ, ಅಂದರು. ವರ್ಷವಿಡೀ ಅಂದದ್ದು ಇದೇ ದನಿಯಲ್ಲಿ, ಡ್ರಮ್ಮಿನವನಿಗೂ ಇದೇ, ಮೀಸೆಯವನಿಗೂ ಇದೇ, ಚೆನ್ನಾಗಿದೆ ಕಣೆ. ಆಮೇಲೆ, ಹೋಗಿ ಸ್ನಾನ ಮಾಡ್ಕೊಂಡು ಬಾ, ನೀರು ಕಾದಿದೆ, ಅಷ್ಟರಲ್ಲಿ ಇದು ಆರುತ್ತೆ, ಅಂದರು. ಓ, ಹೀಗೋ, ಹದಿನೇಳು ಸಲವೂ ಹೀಗೆಯೋ, ನನ್ನ ಸ್ನಾನ ಅರ್ಧ ಗಂಟೆ ಅಂತ ತಮಾಷೆ ಮಾಡುತ್ತಿದ್ದವರು. ಸರಿ, ಅಂದಳು, ಟವೆಲ್ಲು ಎತ್ತಿಕೊಂಡಳು.

ಬಚ್ಚಲಿನ ಚಿಲಕ ಹಾಕಿದ ಸದ್ದು ಮಾಡಿ ಹಾಕದೆ ಬಿಟ್ಟಳು, ಉಟ್ಟ ಬಟ್ಟೆಯಲ್ಲೇ ನಿಂತು ಒಂದು ಮಗ್ಗು ನೀರು ತುಂಬಿ ನೆಲಕ್ಕೆ ಸುರಿದಳು, ಇನ್ನೊಂದು, ಹೊರಗೆ ಕುರ್ಚಿ ಎಳೆದ ಸದ್ದು, ಅವಳ ಕುರ್ಚಿ, ಹಿಂದಿನ ಕಾಲು ಕಿರ್ ಅನ್ನುವುದು ಅದೊಂದೇ. ಇನ್ನೊಂದು ಮಗ್ಗು. ಬಾಗಿಲನ್ನು ಬೆರಳಷ್ಟು ಸರಿಸಿದಳು, ದೂರದ್ದು ಬಲಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಅವರ ಬಗ್ಗಿದ ಬೆನ್ನು, ಕಿಟಕಿಯ ಬೆಳಕು, ಅವಳ ಭೂತಗನ್ನಡಿ ಅವರ ಹಣೆಗೆ ಕಟ್ಟಿದೆ, ಹೆಸರು ಬರೆದ ಚೀಟಿಗೆ ಬಣ್ಣ ಸಿಡಿಯಬಾರದೆಂದು ಎತ್ತಿ ಆ ಕಡೆ ಇಟ್ಟರು, ಎಷ್ಟು ನಾಜೂಕಾಗಿ, ಕಿರುಬೆರಳನ್ನು ಬಿರಡೆಗೆ ಆನಿಸಿಕೊಂಡರು, ನಾನು ಆನಿಸುವ ಕಡೆಯೇ, ಅಷ್ಟು ದಪ್ಪ ಕೈ, ಪಾನಾ ಹಿಡಿಯುವ ಕೈ, ನಡುಗುತ್ತಿಲ್ಲ, ಚೂರೂ ನಡುಗುತ್ತಿಲ್ಲ, ನನಗಿಂತ ಚೆನ್ನಾಗಿ ಹಿಡಿದಿದ್ದಾರೆ, ನಾನು ಚೆನ್ನಾಗಿದ್ದಾಗಲೂ ಹೀಗೆ ಹಿಡಿದಿದ್ದೆನೇ. ನಾಳೆ ಬಗ್ಗಿ ನೋಡಿದವರೆಲ್ಲ ಕಣ್ಣನ್ನೇ ಹೊಗಳುತ್ತಾರೆ, ಆಹಾ, ಏನು ಕಣ್ಣು ರೀ, ಅಂತ ಚೀಟಿ ಓದಿ ನನ್ನ ಕಡೆ ತಿರುಗುತ್ತಾರೆ, ನಾನು ತಲೆ ಆಡಿಸಬೇಕು, ಅವರು ಪಕ್ಕದಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ, ಕನ್ನಡಕದವಳೂ ತಟ್ಟುತ್ತಾಳೆ — ಈಗಲೇ ಕೂಗಿಬಿಡಲೇ, ಇಡಿ ಕೆಳಗೆ ಅಂತ ಕೂಗಿಬಿಡಲೇ, ಕೂಗಿದರೆ ಕೈ ಜಾರುತ್ತದೆ, ಬಾವುಟದವನ ಕಣ್ಣು ಕೆಟ್ಟರೆ ಸೇನೆಯೇ ಕೆಟ್ಟ ಹಾಗೆ, ಮಗ್ಗು ತುಂಬಿ ಮೆಲ್ಲಗೆ ಸುರಿದಳು, ಸ್ನಾನ ನಡೆಯುತ್ತಿದೆ, ಅವಸರವಿಲ್ಲ, ಅವಸರ ಮಾಡಬೇಡಿ, ಮೊದಲು ಮೊನೆ ಮಾಡಿಕೊಳ್ಳಿ, ಮೊನೆ ಇಲ್ಲದೆ ಕಣ್ಣಿಗೆ ಹೋಗಬಾರದು, ಅವರಿಗೆ ಕೇಳಿಸಿದ ಹಾಗೆ ಬ್ರಷ್ಷನ್ನು ಮುಖದ ಹತ್ತಿರ ತಂದರು, ಬಾಯಿ ಚೂರು ತೆರೆದು, ನಾಲಿಗೆಯ ತುದಿಗೆ ತಾಗಿಸಿ, ಒಂದು ಸುತ್ತು ತಿರುಗಿಸಿ, ನನ್ನ ಬ್ರಷ್ಷು, ಅವರ ತುಟಿಗಳ ನಡುವೆ, ನನ್ನ ಬ್ರಷ್ಷು